ಬಲಕ್ಕೆ ಬಗ್ಗದ ತಂತಿ

ಆಮ್‌ಸ್ಟರ್‌ಡ್ಯಾಮಿಗೆ ಬಂದ ಮೊದಲ ಚಳಿಗಾಲದಲ್ಲಿ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ, ಪಿಯಾನೊವನ್ನು ಹೋಲುವ ಹಳೆಯ ಯುರೋಪಿಯನ್ ವಾದ್ಯವಾದ ಹಾರ್ಪ್ಸಿಕಾರ್ಡ್‌ನ ಕಛೇರಿಯೊಂದಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ತಗಡಿನ ಮೇಲೆ ಆಲಿಕಲ್ಲು ಸುರಿದಂತೆ ಎಲ್ಲ ಸ್ವರಗಳೂ ಒಂದೇ ಗಾತ್ರದಲ್ಲಿ ಕೇಳಿಸಿ, ಅರ್ಧಕ್ಕೇ ಎದ್ದು ಬರುವ ಮನಸ್ಸಾಗಿತ್ತು.

ನಾನು ಅದರಲ್ಲಿ ಪಿಯಾನೊವನ್ನು ಹುಡುಕುತ್ತಿದ್ದುದೇ ತಪ್ಪು. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಇಲ್ಲಿ ಬೆರಳಿನಡಿಯ ಮನೆಯನ್ನು (ಕೀ) ಒತ್ತಿದೊಡನೆ ಮರದ ತೆಳುಪಟ್ಟಿಯೊಂದು ಮೇಲೆದ್ದು, ಅದಕ್ಕೆ ಸಿಕ್ಕಿಸಿದ ಪುಟ್ಟ ಕಡ್ಡಿ (ಹಿಂದೆ ಹಕ್ಕಿಯ ಗರಿಯದು, ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು) ತಂತಿಯನ್ನು ಮೀಟುತ್ತದೆ. ಎಷ್ಟು ಬಲವಾಗಿ ಒತ್ತಿದರೂ ನಾದ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಸ್ವರವನ್ನು ಎಷ್ಟು ತಡೆದು ಹಿಡಿಯಬೇಕು, ಬೆರಳನ್ನು ಯಾವ ಗಳಿಗೆಯಲ್ಲಿ ಎತ್ತಬೇಕು ಎಂಬುದರಲ್ಲೇ ವಾದಕರು ಭಾವವನ್ನು ತುಂಬಬೇಕು. ಸ್ವರವನ್ನು ಉಬ್ಬಿಸಲೂ ಕುಗ್ಗಿಸಲೂ ಬಾರದ ಈ ವಾದ್ಯಕ್ಕೆ ಭಾವ ತರಬಲ್ಲವರಿಗೆ ತಾನು ಋಣಿ ಎಂದು ಫ್ರೆಂಚ್ ಸಂಯೋಜಕ ಫ್ರಾನ್ಸ್ವಾ ಕೂಪರಾಂ 1713ರಲ್ಲೇ ಬರೆದಿದ್ದ. ಮುಂದೆ 1716ರ ತನ್ನ ಕೈಪಿಡಿಯಲ್ಲಿ, ಸ್ವರಕ್ಕೆ ಮುನ್ನ ಚೂರು ಮೌನವಿಟ್ಟರೆ, ಕಮಾನಿನ ವಾದ್ಯದವರು ನಾದವನ್ನು ಉಬ್ಬಿಸಿದಾಗ ಆಗುವ ಅನುಭವವೇ ಕಿವಿಗೆ ಆಗುತ್ತದೆಂದು ವಿವರಿಸಿದ. ಕಿವಿಗೆ ಮಾಡುವ ಈ ಮೋಸ ನನಗೆ ಬಹಳ ಇಷ್ಟ.

ಎರಡನೆಯ ಬಾರಿ ವಾದಕಿಯ ಬೆರಳುಗಳು ಕಾಣುವಷ್ಟು ಮುಂದೆ ಕುಳಿತೆ. ಅಂದು ನುಡಿಸಿದ್ದು ಹದಿನೇಳನೆಯ ಶತಮಾನದ ಜರ್ಮನ್ ಸಂಯೋಜಕ ಫ್ರೋಬರ್ಗರ್ ತನ್ನ ಗೆಳೆಯ ಬ್ಲಾಂರೋಶೆಗಾಗಿ ರಚಿಸಿದ ಶೋಕಕೃತಿ. ಲ್ಯೂಟ್ ಎಂಬ ತಂತಿವಾದ್ಯದ ವಾದಕನಾಗಿದ್ದ ಬ್ಲಾಂರೋಶೆ 1652ರಲ್ಲಿ ಪ್ಯಾರಿಸ್ಸಿನಲ್ಲಿ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ಲಯದ ಕಟ್ಟಿಗೆ ಸಿಲುಕದೆ ನಿಧಾನವಾಗಿ ನುಡಿಸಬೇಕಾದ ಕೃತಿಯಿದು. ಆಲಾಪನೆ ಕೇಳಿ ಬೆಳೆದ ನಮ್ಮ ಕಿವಿಗೆ ಆ ಬಿಡುವು ಹೊಸದೇನಲ್ಲ, ಆದರೆ ವೀಣೆಯಂತೆ ತಂತಿಯನ್ನು ಎಳೆದು ಗಮಕ ತೆಗೆಯುವ ಅನುಕೂಲ ಇಲ್ಲಿಲ್ಲ. ಆಕೆ ಸ್ವರಮೇಳದ ಸ್ವರಗಳನ್ನು ಒಟ್ಟಿಗೆ ಒತ್ತದೆ ಒಂದರ ಹಿಂದೊಂದು ಬಿಡಿಸುತ್ತಿದ್ದರು. ಮುಂದಿನ ಸ್ವರ ಹುಟ್ಟಿದ ಮೇಲೂ ಹಿಂದಿನ ಬೆರಳನ್ನು ಎತ್ತದೆ ಎರಡೂ ನಾದಗಳು ಬೆರೆಯಲು ಬಿಡುತ್ತಿದ್ದರು.

ಕೃತಿಯ ಕೊನೆಯಲ್ಲಿ ಸ್ವರಗಳು ಒಂಟಿಯಾಗಿ, ಮೆಟ್ಟಿಲು ಇಳಿದಂತೆ, ಮಂದ್ರದವರೆಗೆ ಇಳಿಯುತ್ತವೆ. ಕೊನೆಯ ಸ್ವರದ ಮೇಲೆ ಆಕೆಯ ಬೆರಳು ತಂತಿ ತಣ್ಣಗಾಗುವವರೆಗೂ ಕದಲಲಿಲ್ಲ. ಆಮೇಲೆ ಬೆರಳೆತ್ತಿದಾಗ ಮರದ ಪಟ್ಟಿ ತನ್ನ ಜಾಗಕ್ಕೆ ಮರಳಿದ ಟಕ್ ಎಂಬ ಸದ್ದು ಮಾತ್ರ ನಮಗೆ ಕೇಳಿಸಿತು.