ಕರೆಂಟ್ ಹೋದಾಗ ಉಳಿದಿದ್ದ ಇಪ್ಪತ್ತು ನಿಮಿಷ

3 ಆಗಸ್ಟ್ 2025, ಭಾನುವಾರ ರಾತ್ರಿ
ಆನಂದಪುರ, ದೊಡ್ಡಮ್ಮನ ಮನೆ

ಮೂರು ದಿನದಿಂದ ಒಗೆದ ಬಟ್ಟೆ ಒಣಗಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹರವಿದ್ದಾರೆ. ನಾಳೆ ಹೊಗೆ ವಾಸನೆಯ ಚೂಡಿದಾರ ಹಾಕಿಕೊಂಡೇ ಆಫೀಸಿಗೆ ಹೋಗಬೇಕು. ಇದನ್ನೆಲ್ಲ ಯಾವ ಸಿನಿಮಾದವರೂ ತೋರಿಸಲ್ಲ. ಅವರಿಗೆ ಮಲೆನಾಡು ಅಂದರೆ ಮಂಜು, ಮಳೆ, ಆಮೇಲೆ ಒಂದು ಹೆಣ.

ಸುಮ್ನೆ ಹೇಳುತ್ತಿಲ್ಲ. ಹೋದ ವರ್ಷ ‘ಶಾಖಾಹಾರಿ’ ಬಂತು. ತೀರ್ಥಹಳ್ಳಿ ಕಡೆಯ ಹೋಟೆಲು, ಅಲ್ಲೊಂದು ಹೆಣ. ಈ ವರ್ಷ ‘ಅಜ್ಞಾತವಾಸಿ’. ಕೇಸೇ ಇಲ್ಲದ ಪೊಲೀಸ್ ಸ್ಟೇಷನ್, ಊರಿಗೆ ಬರುವ ಮೊದಲ ಕಂಪ್ಯೂಟರ್, ಮತ್ತೆ ಹೆಣ. ಎರಡರಲ್ಲೂ ರಂಗಾಯಣ ರಘು. ಬೇರೆ ಸಿನಿಮಾಗಳಲ್ಲಿ ಅವರ ಕೂಗಾಟ ನೋಡಿ ಸಾಕಾಗಿದ್ದ ನನಗೆ, ಇಲ್ಲಿ ಅವರು ಬಾಯಿ ಮುಚ್ಚಿಕೊಂಡು ನಿಂತಾಗಲೇ ಜಾಸ್ತಿ ಇಷ್ಟವಾದರು. ‘ಅಜ್ಞಾತವಾಸಿ’ ಸ್ವಲ್ಪ ನಿಧಾನ. ನಡುವೆ ಎದ್ದು ಕಾಫಿ ಮಾಡಿಕೊಂಡು ಬಂದೆ, ಏನೂ ತಪ್ಪಿಹೋಗಿರಲಿಲ್ಲ.

ಬುಧವಾರ ಶಿವಮೊಗ್ಗದಲ್ಲಿ ‘ಸು ಫ್ರಮ್ ಸೋ’ ನೋಡಿದೆ. ಮೊದಲ ಸಲ ಹೋದಾಗ ಟಿಕೆಟ್ ಸಿಗದೆ ಮಂಡಕ್ಕಿ ತಿಂದು ವಾಪಸ್ ಬಂದಿದ್ದೆವು. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಊರೆಲ್ಲ ಸುದ್ದಿ. ಅಷ್ಟೇ ಕಥೆ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಅಜ್ಜ ನಗು ತಡೆಯಲಾಗದೆ ನನ್ನ ತೋಳು ಹಿಡಿದುಕೊಂಡುಬಿಟ್ಟರು. ಆಮೇಲೆ ಅವರೇ ನಾಚಿಕೊಂಡು, “ಸಾರಿ ಆಯ್ತಾ” ಅಂದರು. ಎರಡನೇ ಅರ್ಧದಲ್ಲಿ, ನಗುತ್ತಾ ಇರುವಾಗಲೇ, ಒಬ್ಬ ಹೆಣ್ಣುಮಗಳ ಕಷ್ಟ ಮೆಲ್ಲಗೆ ಕಥೆಯೊಳಗೆ ಬಂದು ಕೂರುತ್ತದೆ. ಅಜ್ಜ ಆಗ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ನೋಡದ ಹಾಗೆ ಕೂತೆ.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳುತ್ತಿದ್ದೆ. ಪತ್ರೊಡೆಗೆ ಕೆಸುವಿನೆಲೆ ಒರೆಸುತ್ತಾ ಕೇಳಿಸಿಕೊಂಡರು. ಆಮೇಲೆ ಇದ್ದಕ್ಕಿದ್ದ ಹಾಗೆ, “ಮುಳುಗಡೆದು ಒಂದು ಸಿನಿಮಾ ಇದ್ಯಂತಲ್ಲೇ, ಸೌಂದರ್ಯ ಮಾಡಿದ್ದು. ಅದು ನಿನ್ ಮೊಬೈಲಲ್ಲಿ ಬತ್ತದಾ?” ಅಂದರು.

ನನಗೆ ಒಂದು ಕ್ಷಣ ಏನು ಹೇಳಬೇಕೋ ತಿಳಿಯಲಿಲ್ಲ. ‘ದ್ವೀಪ’ ಬಂದಿದ್ದು 2002ರಲ್ಲಿ. ಅದರ ಕಾದಂಬರಿ ಬರೆದ ನಾ. ಡಿಸೋಜ ಸಾಗರದವರೇ, ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು, ಈ ಜನವರಿಯಲ್ಲಿ ತೀರಿಕೊಂಡರು. ತೆಗೆದ ಗಿರೀಶ್ ಕಾಸರವಳ್ಳಿ ತೀರ್ಥಹಳ್ಳಿ ಕಡೆಯವರು. ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವೂ ಬಂತು. ಇಷ್ಟು ಹತ್ತಿರದ ಸಿನಿಮಾವನ್ನು ನಮ್ಮ ಮನೆಯಲ್ಲಿ ಯಾರೂ ಹಾಕಿರಲಿಲ್ಲ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮನೆ ಬಿಟ್ಟು ಬಂದವರ ಎದುರಿಗೆ ಯಾರು ಹಾಕುತ್ತಾರೆ? ದೊಡ್ಡಮ್ಮನಿಗೆ ಆಗ ಎಂಟು ವರ್ಷ.

ಮೊಬೈಲಿಂದ ಟೀವಿಗೆ ಹಾಕಿದೆ. ನಿಂತು ನಿಂತು ಬಂತು. ಸೌಂದರ್ಯ ಕಂಡ ಕೂಡಲೇ “ಪಾಪ, ಎಂಥಾ ಚಂದದ ಹುಡ್ಗಿ” ಅಂದಿದ್ದು ಬಿಟ್ಟರೆ ಮೊದಲ ಅರ್ಧ ಗಂಟೆ ಮಾತೇ ಇಲ್ಲ. ಎಲ್ಲರೂ ಹೊರಟ ಮೇಲೂ ಗಣಪ, ನಾಗಿ ಅಲ್ಲೇ ಉಳಿದುಕೊಳ್ಳುತ್ತಾರೆ. ನೀರು ಏರುತ್ತಾ ಬರುತ್ತದೆ. ನಾನು ಪರದೆಗಿಂತ ಹೆಚ್ಚು ದೊಡ್ಡಮ್ಮನ ಮುಖವನ್ನೇ ನೋಡುತ್ತಿದ್ದೆ. ಅಳುತ್ತಾರೆ ಅಂದುಕೊಂಡಿದ್ದೆ. ಅವರು ತೋಟದ ಲೆಕ್ಕ ನೋಡುವವರ ಹಾಗೆ ಹುಬ್ಬು ಗಂಟಿಕ್ಕಿ ಒಂದೊಂದನ್ನೂ ತಾಳೆ ಹಾಕುತ್ತಿದ್ದರು. “ಮಳೆ ಸಮ ಉಂಟು.” ಸ್ವಲ್ಪ ಹೊತ್ತಿನ ಮೇಲೆ, “ಮ್ಯೂಸಿಕ್ ಎಂತಕ್ಕೆ ಬೇಕಿತ್ತು?”

ಇನ್ನು ಇಪ್ಪತ್ತು ನಿಮಿಷ ಇದೆ ಅನ್ನುವಾಗ ಕರೆಂಟ್ ಹೋಯಿತು. ಕರೆಂಟಿಗಾಗಿ ಊರುಗಳನ್ನು ಮುಳುಗಿಸಿದ ಕಥೆಯ ಸಿನಿಮಾ, ಕರೆಂಟಿಲ್ಲದೆ ನಿಂತಿತು. ನಾನು ನಕ್ಕುಬಿಟ್ಟೆ. ದೊಡ್ಡಮ್ಮ ನಗಲಿಲ್ಲ. ಚಿಮಣಿ ಹುಡುಕಲಿಕ್ಕೂ ಏಳಲಿಲ್ಲ.

ಕತ್ತಲಲ್ಲೇ ಶುರು ಮಾಡಿದರು. “ಹಿಂಗೆಲ್ಲ ಸೌಂಡ್ ಮಾಡ್ಕೊಂಡು ಬರ್ಲಿಲ್ವೇ ನೀರು. ಅಪ್ಪಯ್ಯ ಅಂಗಳದ ತುದೀಲಿ ಒಂದು ಗೂಟ ನೆಟ್ಟಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಗೂಟ ಗಿಡ್ಡ ಆಗಿರ್ತಿತ್ತು. ಅಷ್ಟೇ.”

ಮತ್ತೆ ಸುಮ್ಮನಾದರು. ಹೆಂಚಿನ ಮೇಲೆ ಮಳೆ ಜೋರಾಯಿತು, ನಾನು ಸ್ವಲ್ಪ ಹತ್ತಿರ ಸರಿದು ಕೂತೆ.

“ಲಾರಿ ಬಂತು. ಅಮ್ಮ ಅಳ್ತಿದ್ರು, ಅಜ್ಜಿ ಹೊಸ್ತಿಲು ಹಿಡ್ಕೊಂಡು ಕೂತಿತ್ತು. ನಂಗೆ ಖುಷಿ.”

“ಖುಷಿನಾ?”

“ಲಾರಿ ಹತ್ತಿದ್ದೇ ಅದು ಮೊದಲ ಸಲ ಅಲ್ವನೇ. ಹಂಡೆ ಒಳಗೆ ಕೂತಿದ್ದೆ, ಬಚ್ಚಲ ಹಂಡೆ. ಗುಂಡಿಗೆ ಇಳಿದಾಗೆಲ್ಲ ತಲೆ ಹಂಡೆಗೆ ಬಡೀತಿತ್ತು, ಡಣ್ ಅನ್ನೂದು. ನಾನೂ ತಮ್ಮನೂ ನಕ್ಕಿದ್ದೇ ನಕ್ಕಿದ್ದು. ಅಮ್ಮ ಒಂದು ಬಿಟ್ರು ನೋಡು ಬೆನ್ನಿಗೆ.”

ಅರವತ್ತು ವರ್ಷ ಈ ಮಾತು ಎಲ್ಲಿತ್ತೋ. ಮುಳುಗಡೆ ಅಂದರೆ ನಮ್ಮ ಮನೆಯಲ್ಲಿ ಹಕ್ಕುಪತ್ರದ ಮಾತು, ಕಚೇರಿಗೆ ಅಲೆದ ಮಾತು, ಅಜ್ಜಿ ಮಾತು ಬಿಟ್ಟ ಕಥೆ. ಹಂಡೆಯೊಳಗೆ ಕೂತು ನಕ್ಕ ಮಕ್ಕಳನ್ನು ಯಾರೂ ಹೇಳಿರಲಿಲ್ಲ. ಹೇಳಬಾರದ್ದು ಅಂತ ದೊಡ್ಡಮ್ಮನೂ ಅಂದುಕೊಂಡಿರಬೇಕು.

ಕರೆಂಟ್ ಬಂತು. ಮುಂದೆ ಹಾಕಲಾ ಅಂದೆ. “ಬ್ಯಾಡ. ಆ ಹೆಂಗ್ಸು ಉಳೀತಾಳಾ ಹೇಳು.” ಉಳಿಯುತ್ತಾಳೆ, ಮನೆಯನ್ನೂ ಉಳಿಸುತ್ತಾಳೆ, ಆದರೆ ಗಂಡ ಎಲ್ಲ ದೇವರ ದಯೆ ಅನ್ನುತ್ತಾನೆ ಅಂದೆ. (ನೋಡಿಲ್ಲದವರು ಕ್ಷಮಿಸಿ. ಇಪ್ಪತ್ತಮೂರು ವರ್ಷ ಆಯ್ತು, ನೋಡಬೇಕಿತ್ತು.)

“ಅದು ಗೊತ್ತಿದ್ದದ್ದೇ” ಅಂದರು. ಒಳಗೆ ಮಲಗಿದ್ದ ದೊಡ್ಡಪ್ಪನ ಕಡೆ ಒಮ್ಮೆ ನೋಡಿ ಕೆಸುವಿನೆಲೆಗೆ ಹಿಟ್ಟು ಸವರಲು ಎದ್ದರು.

ಊಟದ ಹೊತ್ತಿಗೆ ದೊಡ್ಡಮ್ಮ ಪೇಪರ್ ಹಿಡಿದುಕೊಂಡು ಕೂತಿದ್ದರು. ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ, ಇವತ್ತು ಇಷ್ಟು. ಮಳೆಗಾಲದಲ್ಲಿ ದಿನಾ ಮೊದಲು ಓದುವುದು ಅದನ್ನೇ. ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲ ನಾನು. ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಹೋದ ತಿಂಗಳು 14ಕ್ಕೆ ಉದ್ಘಾಟನೆ ಆಯಿತಲ್ಲ, ಎರಡು ಕಿಲೋಮೀಟರಿಗೂ ಉದ್ದ ಇದೆ, ಕಾರಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದೆ. “ಲಾಂಚ್ ಇದ್ರೆ ಬರ್ತೆ” ಅಂದರು, ಹಿನ್ನೀರು ದಾಟಿಸುವ ದೋಣಿ. ಸೇತುವೆ ಮೇಲೆ ಹೋದರೆ ನೀರು ಕೈಗೆ ಸಿಗಲ್ಲವಂತೆ.

ಆರೂವರೆ ಬಸ್ಸಿಗೆ ಹೊರಡಬೇಕು, ಅಲಾರಾಂ ಇಟ್ಟೆ. ಬಚ್ಚಲಿಗೆ ಹೋದಾಗ ಹಂಡೆ ನೋಡಿದೆ. ಒಂದು ಕಡೆ ಸ್ವಲ್ಪ ತಗ್ಗಾಗಿದೆ. ಇದು ಅದೇ ಹಂಡೆಯಾ ಅಂತ ಕೇಳಬೇಕಿತ್ತು, ಅಷ್ಟರಲ್ಲಿ ಅವರ ಕೋಣೆಯ ದೀಪ ಆರಿತ್ತು.