ಹಾವು ಕಡಿತದ ಕೇಸ್ ಕಾರ್ಡ್‌ಗಳು: ಕೆಲಸ ಎಲ್ಲಿಗೆ ಬಂತು

ಮೂರು ಕಾರ್ಡ್ ಸಿದ್ಧ, ನಾಲ್ಕನೆಯದನ್ನು ತಿದ್ದುತ್ತಿದ್ದೇವೆ. ಶಿವಮೊಗ್ಗದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ವಿದ್ಯಾರ್ಥಿಗಳಿಗಾಗಿ ಕಟ್ಟುತ್ತಿರುವ ಕೇಸ್ ಇದು. ವಿವರವನ್ನೆಲ್ಲ ಒಮ್ಮೆಲೇ ಕೊಟ್ಟರೆ ಕಾಯಿಲೆಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ಅದಕ್ಕೇ ಒಂದೊಂದೇ ಕಾರ್ಡ್. ಪ್ರತಿ ಕಾರ್ಡಿಗೂ ಮೂರು ನಿಮಿಷ ಯಾರೂ ಮಾತಾಡದೆ ಬರೆಯಬೇಕು: ಏನು ಕಂಡಿತು, ಅದರ ಅರ್ಥವೇನು, ಮೊದಲು ಏನು ಮಾಡುವೆ. ನರ್ಸಿಂಗ್ ವಿದ್ವಾಂಸೆ ಕ್ರಿಸ್ಟೀನ್ ಟ್ಯಾನರ್, ನರ್ಸ್ ಹೇಗೆ ಯೋಚಿಸಿ ನಿರ್ಧರಿಸುತ್ತಾರೆ ಎಂಬುದಕ್ಕೆ 2006ರಲ್ಲಿ ಮಂಡಿಸಿದ ಮಾದರಿಯ ಮೊದಲ ಮೂರು ಹಂತ ಇವೇ. ನಾಲ್ಕನೆಯದಾದ ಮರುವಿಮರ್ಶೆಗೆ ಕೊನೆಯ 20 ನಿಮಿಷ. ಬರೆಸದೆ ಚರ್ಚೆಗೆ ಬಿಟ್ಟರೆ ಬಾಯಿ ಜೋರಿರುವ ಇಬ್ಬರ ಉತ್ತರವೇ ತರಗತಿಯ ಉತ್ತರ. ಕನ್ನಡದಲ್ಲೇ ಬರೆಯಲಿ; ಇಂಗ್ಲಿಷಿನಲ್ಲಿ ಬರೆಸಿದರೆ ಪುಸ್ತಕದ ವಾಕ್ಯ ಬರುತ್ತದೆ, ಯೋಚನೆ ಬರುವುದಿಲ್ಲ.

ಕಾರ್ಡ್ 1: ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಸಂಜೆ, 50 ಕೆಜಿ ತೂಕದ ಹೆಂಗಸಿನ ಪಾದಕ್ಕೆ ಕಡಿತ. ಕಾಲಿಗೆ ಹಗ್ಗ ಬಿಗಿದು ಕರೆತಂದಿದ್ದಾರೆ. ಹಾವನ್ನು ಯಾರೂ ನೋಡಿಲ್ಲ. ಹೆಚ್ಚಿನವರು ಹಗ್ಗ ಬಿಚ್ಚುವುದನ್ನೇ ಮೊದಲು ಬರೆಯುತ್ತಾರೆ. ಆದರೆ ಐವಿ ಲೈನ್ (ರಕ್ತನಾಳಕ್ಕೆ ಸೂಜಿನಳಿಕೆ) ಹಾಕಿ, ವೈದ್ಯರು ಪಕ್ಕದಲ್ಲಿದ್ದಾಗ ಬಿಚ್ಚಬೇಕು. ತಡೆದಿದ್ದ ವಿಷ ಒಮ್ಮೆಲೇ ಹರಡಬಹುದು.

ಕಾರ್ಡ್ 2 ನಮಗೆ ಅತಿ ಮುಖ್ಯ. ‘20 ನಿಮಿಷದ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲ’ ಎಂದಷ್ಟೇ ಇದೆ. ಯಾವ ಟ್ಯೂಬ್ ಎಂದು ಅವರೇ ಕೇಳಬೇಕು. ಹೊಸ, ಒಣ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ, ಅಲುಗಾಡಿಸದೆ ಇಟ್ಟು, 20 ನಿಮಿಷ ಕಳೆದ ಮೇಲೆ ಒಂದೇ ಸಲ ವಾಲಿಸಿ ನೋಡುವುದು ಸರಿಯಾದ ಕ್ರಮ. ಪ್ಲಾಸ್ಟಿಕ್ ಅಥವಾ ಸೋಪಿನಲ್ಲಿ ತೊಳೆದ ಗಾಜಾದರೆ ಹೆಪ್ಪುಗಟ್ಟುವ ಕ್ರಿಯೆ ಸರಿಯಾಗಿ ಶುರುವಾಗದೆ, ವಿಷವಿಲ್ಲದವರ ರಕ್ತವೂ ನೀರಾಗಿಯೇ ಉಳಿದೀತು. ಕೇಳುವವರೆಗೆ ಶಿಕ್ಷಕರು ಸುಳಿವು ಕೊಡಬಾರದು, ಮುಖದಲ್ಲೂ ತೋರಿಸಬಾರದು.

ಕಾರ್ಡ್ 3: ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) 10 ವಯಲ್ ಶುರುವಾಗಿ ಹತ್ತು ನಿಮಿಷಕ್ಕೆ ತುರಿಕೆ, ಕೆಮ್ಮು, ಬಿಪಿ 86/50. ‘ಡಾಕ್ಟರನ್ನು ಕರೆಯುವೆ’ ಎಂದರೆ ಸಾಲದು. ಎಎಸ್‌ವಿ ನಿಲ್ಲಿಸಿ, ಲೈನ್ ಉಳಿಸಿಕೊಂಡು, ವೈದ್ಯರನ್ನು ಕೂಗುತ್ತಲೇ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಲು 0.5 ಮಿಗ್ರಾಂ ಅಡ್ರಿನಲಿನ್ ಸಿದ್ಧಪಡಿಸಬೇಕು.

ಕಾರ್ಡ್ 4: ಎಎಸ್‌ವಿ ಕೊಟ್ಟು ಆರು ತಾಸಾದರೂ ರಕ್ತ ಹೆಪ್ಪುಗಟ್ಟಿಲ್ಲ, ನಾಲ್ಕು ಗಂಟೆಯಲ್ಲಿ ಮೂತ್ರ 60 ಮಿಲಿ. ‘ಮೂತ್ರ ಹೋಗಿದೆ’ ಎಂದು ಬರೆದು ಮುಂದೆ ಹೋಗುತ್ತಾರೆ. ಕಾರ್ಡ್ 1ರ ತೂಕ ನೆನಪಿದ್ದರೆ, ಕೆಜಿಗೆ ಅರ್ಧ ಮಿಲಿಯಂತೆ ಗಂಟೆಗೆ 25 ಮಿಲಿಯಾದರೂ ಬೇಕಿತ್ತು, 15 ಮಾತ್ರ ಬಂದಿದೆ ಎಂದು ಲೆಕ್ಕ ಸಿಗುತ್ತದೆ. ಕಿಡ್ನಿಗೆ ಪೆಟ್ಟು ಬಿದ್ದಿರಬಹುದು. ಇಲ್ಲಿ ಇನ್ನೊಂದು ಪ್ರಶ್ನೆ ಸೇರಿಸುತ್ತಿದ್ದೇವೆ: ಕಡಿದದ್ದು ಕೊಳಕುಮಂಡಲವೇ, ಉಬ್ಬುಮೂಗಿನ ಗುಳಿಮಂಡಲವೇ? ಎರಡನೆಯದೂ ಪಶ್ಚಿಮ ಘಟ್ಟದಲ್ಲಿದೆ, ರಕ್ತವನ್ನೂ ಕಿಡ್ನಿಯನ್ನೂ ಕೆಡಿಸಬಲ್ಲದು. ನಮ್ಮ ಎಎಸ್‌ವಿ ಅದರ ವಿಷಕ್ಕಾಗಿ ತಯಾರಾದದ್ದಲ್ಲ.

ಮುಂದಿನದು ಕಟ್ಟುಹಾವಿನ ಕೇಸ್. ನೋವಿಲ್ಲ, ಊತವಿಲ್ಲ, ರೆಪ್ಪೆ ಮಾತ್ರ ಇಳಿಯುತ್ತಿದೆ. ಮಂಡಲದ ಕೇಸ್ ಮುಗಿದ ವಾರದೊಳಗೇ ಇದನ್ನು ಕೊಡಬೇಕು; ತಡವಾದರೆ ‘ಊತವಿಲ್ಲವೆಂದರೆ ವಿಷವಿಲ್ಲ’ ಎಂಬ ತಪ್ಪು ನಿಯಮ ಗಟ್ಟಿಯಾಗುತ್ತದೆ.