ಮೂಲೆ ಸವೆದ ಕಾರ್ಡುಗಳು

ನ್ಯೂಜೆರ್ಸಿಯಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳನ್ನು ಮಾರುವ ಕಾರ್ಡ್ ಶೋಗೆ ಹೋದರೆ ನಾನು ದುಬಾರಿ ಕಾರ್ಡುಗಳ ಗಾಜಿನ ಪೆಟ್ಟಿಗೆಗಳ ಹತ್ತಿರ ಜಾಸ್ತಿ ನಿಲ್ಲುವುದಿಲ್ಲ. ಟಾಪ್ಸ್ ಕಂಪನಿ 1952ರಲ್ಲಿ ತಂದ, ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್‌ನ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರಿಗೆ ಮಾರಾಟವಾಯಿತು. ನನ್ನದು ಬಾಡಿಗೆ, ದಿನಸಿ, ಮಗಳ ಫೀಸು ಕಳೆದು ಉಳಿದ ದುಡ್ಡು. ಅದರಲ್ಲೂ ಬೇಕಾದಷ್ಟು ಸಿಗುತ್ತದೆ! ಅಷ್ಟೇನೂ ಹೆಸರು ಮಾಡದ ಆಟಗಾರರು, ಮೂಲೆ ಸವೆದ ಕಾರ್ಡುಗಳು, ಕೆಲವೇ ಡಾಲರಿಗೆ.

1956ರ ಟಾಪ್ಸ್ ಕಾರ್ಡುಗಳು ಅಂದರೆ ನನಗೆ ಪ್ರಾಣ. ಅಡ್ಡ ಕಾರ್ಡು. ಮುಂದೆ ಆಟಗಾರನ ದೊಡ್ಡ ಮುಖ, ಅದರ ಹಿಂದೆ ಮೈದಾನದ ಚಿತ್ರ. ತಿರುಗಿಸಿದರೆ ಪುಟ್ಟ ಕಾರ್ಟೂನು. ನನ್ನ ಹತ್ತಿರ ಇರುವ ಒಂದರ ನಡುವೆ ಮಡಚಿದ ಗೆರೆ. ಯಾವುದೋ ಹುಡುಗ ಜೇಬಲ್ಲಿ ಇಟ್ಟುಕೊಂಡು ತಿರುಗಿರಬೇಕು, ಅಲ್ವಾ? ಬೆಲೆ ಇಳಿಸುವ ಆ ಗೆರೆಯೇ ನನಗೆ ಇಷ್ಟ.

ಈ ಸಲ ಮಗಳು ನ್ಯೂಯಾರ್ಕಿನ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಆಟಗಾರನೊಬ್ಬನ ಕಾರ್ಡನ್ನು ಆರಿಸಿದಳು. 1957ರ ನಂತರ ಆ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು ಅಂದೆ. ಹಾಗಾದರೆ ಬ್ರೂಕ್ಲಿನ್‌ನವರನ್ನೆಲ್ಲ ಒಟ್ಟು ಮಾಡೋಣ ಅಂತಾಳೆ.